ಒಂದು ಸರ್ವರ್, ಹತ್ತು ವಿಎಂ, ಐದೇ ಐಪಿ

ಮಹದೇವಪುರ, ಗರುಡಾಚಾರ್‌ಪಾಳ್ಯ, ಹೂಡಿ ಎಂದರೆ ಹೊರಗಿನವರಿಗೆ ಟೆಕ್ ಪಾರ್ಕುಗಳಷ್ಟೇ ನೆನಪಾಗುತ್ತವೆ. 2023ರ ಮಾರ್ಚ್‌ನಲ್ಲಿ ಕೆ.ಆರ್. ಪುರದಿಂದ ವೈಟ್‌ಫೀಲ್ಡ್‌ವರೆಗೆ ಮೆಟ್ರೊ ಶುರುವಾದ ಮೇಲೆ ರೈಲಿನ ಕಿಟಕಿಯಿಂದ ಕಾಣುವುದೂ ಆ ಗಾಜಿನ ಕಟ್ಟಡಗಳೇ. ಅಲ್ಲಿನ ಕಂಪನಿಗಳಿಗೆ ಈ ಲೇಖನ ಬೇಕಿಲ್ಲ, ನೆಟ್‌ವರ್ಕ್ ನೋಡಿಕೊಳ್ಳಲು ಅವರಿಗೆ ಒಂದು ತಂಡವೇ ಇರುತ್ತದೆ. ಇದು ಒಳರಸ್ತೆಯ ಎರಡನೇ ಮಹಡಿಯಲ್ಲಿ ಹತ್ತು ಹದಿನೈದು ಜನ ಕೂತು ಕೆಲಸ ಮಾಡುವ ಕಚೇರಿಗಳಿಗೆ: ಶಾಲೆಗಳಿಗೆ ಫೀಸು ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುವವರು, ಆಡಿಟರ್‌ಗಳಿಗಾಗಿ ಟ್ಯಾಲಿಯನ್ನು ಸರ್ವರ್‌ನಲ್ಲಿ ನಡೆಸಿಕೊಡುವವರು, ಇಪ್ಪತ್ತು ಮೂವತ್ತು ಗಿರಾಕಿಗಳ ವೆಬ್‌ಸೈಟ್ ಸಾಕುತ್ತಿರುವವರು. ತಿಂಗಳ ಕ್ಲೌಡ್ ಬಿಲ್ಲು ನೋಡಿ ಬೇಸತ್ತು, ಎಸ್.ಪಿ. ರೋಡಿನಿಂದ ಸೆಕೆಂಡ್‌ಹ್ಯಾಂಡ್ ರ‍್ಯಾಕ್ ಸರ್ವರ್ ತಂದು, ಅದರ ಮೇಲೆ ಪ್ರಾಕ್ಸ್‌ಮಾಕ್ಸ್ ಹಾಕಿ, ಹತ್ತು ವರ್ಚುವಲ್ ಮೆಷೀನ್ (ವಿಎಂ) ಎಬ್ಬಿಸಿದವರು ಇವರಲ್ಲಿ ಈಗ ಬಹಳ. 2023ರ ನವೆಂಬರ್‌ನಲ್ಲಿ ಇದೇ ಕೆಲಸದ ಸಾಫ್ಟ್‌ವೇರ್ ಮಾರುವ ವಿಎಂವೇರ್ ಕಂಪನಿ ಬ್ರಾಡ್‌ಕಾಮ್ ಪಾಲಾಗಿ ಲೈಸೆನ್ಸಿನ ರೀತಿಯೇ ಬದಲಾದ ಮೇಲೆ ಈ ಕಡೆ ಬಂದವರು ಇನ್ನೂ ಹೆಚ್ಚು.

ವಿಎಂ ಎಬ್ಬಿಸುವುದು ಅರ್ಧ ಗಂಟೆಯ ಕೆಲಸ. ಎಡವುವುದು ಅದರ ನಂತರ. ವಿಎಂ ಒಳಗೆ ಎಲ್ಲ ಸರಿಯಿದೆ, 192.168ರಿಂದ ಶುರುವಾಗುವ ವಿಳಾಸವಿದೆ, ಒಳಗಿನಿಂದ ಗೂಗಲ್ ತೆರೆಯುತ್ತದೆ, ಆದರೆ ಹೊರಗಿನಿಂದ ಯಾರಿಗೂ ಅದನ್ನು ಮುಟ್ಟಲಾಗುತ್ತಿಲ್ಲ. ಲೀಸ್ಡ್ ಲೈನ್ ಕೊಟ್ಟವರು ‘ಸ್ಲ್ಯಾಷ್ 29 ಬ್ಲಾಕ್ ಕೊಟ್ಟಿದ್ದೇವೆ, ಐದು ಯೂಸಬಲ್ ಐಪಿ’ ಎಂದು ಮೇಲ್ ಕಳಿಸಿ ಸುಮ್ಮನಾಗಿದ್ದಾರೆ. ಆ ಐದನ್ನು ವಿಎಂಗಳ ಒಳಗೆ ಟೈಪ್ ಮಾಡಿದರೆ ಸಾಕೆಂದು ತಿಳಿದವರು ಒಂದು ದಿನವಿಡೀ ಕಳೆಯುತ್ತಾರೆ. ಎಷ್ಟು ವಿಳಾಸ ಸಿಕ್ಕಿತು ಎಂಬುದಕ್ಕಿಂತ, ಅವು ನಿಮ್ಮ ತಂತಿಯವರೆಗೆ ಯಾವ ದಾರಿಯಲ್ಲಿ ಬರುತ್ತವೆ ಎಂಬುದು ಮುಖ್ಯ. ಅದು ಗೊತ್ತಾದರೆ ಉಳಿದದ್ದೆಲ್ಲ ಹತ್ತು ಸಾಲಿನ ಸೆಟ್ಟಿಂಗು.

ಎಲ್ಲ ವಿಎಂಗೂ ಬೇಕೇ?

ಮೊದಲು ಈ ಪ್ರಶ್ನೆ ಮುಗಿಸೋಣ, ಏಕೆಂದರೆ ಉತ್ತರ ಬಹುತೇಕ ‘ಇಲ್ಲ’ ಎಂದೇ ಬರುತ್ತದೆ.

ಐಪಿವಿ4 ವಿಳಾಸಗಳು ಒಟ್ಟು 429 ಕೋಟಿ ಚಿಲ್ಲರೆ. ವಿಎಸ್‌ಎನ್‌ಎಲ್ 1995ರ ಆಗಸ್ಟ್ 15ರಂದು ಭಾರತದಲ್ಲಿ ಸಾರ್ವಜನಿಕರಿಗೆ ಇಂಟರ್ನೆಟ್ ಕೊಡುವ ಹೊತ್ತಿಗೆ ದೊಡ್ಡ ದೊಡ್ಡ ಬ್ಲಾಕುಗಳು ಅಮೆರಿಕದ ವಿಶ್ವವಿದ್ಯಾಲಯ, ಕಂಪನಿಗಳ ಕೈ ಸೇರಿದ್ದವು. ಎಂಐಟಿ ಒಂದರ ಬಳಿಯೇ 1.6 ಕೋಟಿಗೂ ಹೆಚ್ಚು ವಿಳಾಸಗಳಿದ್ದವು, 2017ರಲ್ಲಿ ಅದು ಅರ್ಧದಷ್ಟನ್ನು ಮಾರಾಟಕ್ಕಿಟ್ಟಿತು. ಜಾಗತಿಕ ದಾಸ್ತಾನು 2011ರ ಫೆಬ್ರವರಿ 3ರಂದು ಬರಿದಾಯಿತು. ಅದೇ ವರ್ಷ ಏಪ್ರಿಲ್ 15ರಂದು ನಮ್ಮ ಏಷ್ಯಾ-ಪೆಸಿಫಿಕ್ ವಲಯದ ಎಪಿನಿಕ್ ತನ್ನ ಕೊನೆಯ ಪಾಲನ್ನು ಪಡಿತರದಂತೆ ಹಂಚಲು ತೊಡಗಿತು. ಭಾರತದಲ್ಲಿ ನಿಕ್ಸಿ ಸಂಸ್ಥೆಯ ಅಡಿ ನಡೆಯುವ ಐರಿನ್ ಈ ಹಂಚಿಕೆ ನೋಡಿಕೊಳ್ಳುತ್ತದೆ. ಹೀಗಾಗಿ ಅಮೆಜಾನ್ ಕೂಡ 2024ರ ಫೆಬ್ರವರಿ 1ರಿಂದ ಪ್ರತಿ ಪಬ್ಲಿಕ್ ಐಪಿವಿ4 ವಿಳಾಸಕ್ಕೆ ಗಂಟೆಗೆ 0.005 ಡಾಲರ್ ಬಾಡಿಗೆ ಹಾಕುತ್ತಿದೆ. ಮೂವತ್ತು ದಿನಕ್ಕೆ ಅದು 3.6 ಡಾಲರ್. ಹತ್ತು ವಿಎಂಗೆ ಗುಣಿಸಿ ನೋಡಿ.

ವೆಬ್‌ಸೈಟ್ ನಡೆಸುವ ವಿಎಂಗೆ ಸ್ವಂತ ವಿಳಾಸ ಬೇಕಿಲ್ಲ. ಗರುಡಾಚಾರ್‌ಪಾಳ್ಯದ ಪಿಜಿಗಳಲ್ಲಿ ನಲವತ್ತು ಕೋಣೆಗೂ ಬಾಗಿಲ ಸಂಖ್ಯೆ ಒಂದೇ. ಕೊರಿಯರ್ ಹುಡುಗ ಕೆಳಗೆ ವಾರ್ಡನ್ ಕೈಗೆ ಕೊಟ್ಟು ಹೋಗುತ್ತಾನೆ, ಹೆಸರು ನೋಡಿ ಕೋಣೆಗೆ ಮುಟ್ಟಿಸುವುದು ವಾರ್ಡನ್ ಕೆಲಸ. ರಿವರ್ಸ್ ಪ್ರಾಕ್ಸಿ ಮಾಡುವುದೂ ಅಷ್ಟೇ. ಒಂದು ಪುಟ್ಟ ವಿಎಂನಲ್ಲಿ ಎಂಜಿನ್‌ಎಕ್ಸ್ ಅಥವಾ ಎಚ್‌ಎ ಪ್ರಾಕ್ಸಿ ಹಾಕಿ ಪಬ್ಲಿಕ್ ಐಪಿಯನ್ನು ಅದಕ್ಕೆ ಕೊಟ್ಟರೆ, ಬಂದ ಹೆಸರು ನೋಡಿ ಅದು ಒಳಗಿನ ಸರಿಯಾದ ವಿಎಂಗೆ ದಾಟಿಸುತ್ತದೆ. ‘ಎಚ್‌ಟಿಟಿಪಿಎಸ್ ಇದ್ದರೆ ಸೈಟಿಗೊಂದು ಐಪಿ ಬೇಕಲ್ಲ’ ಎನ್ನುವವರು ಇನ್ನೂ ಇದ್ದಾರೆ. ಅದು ವಿಂಡೋಸ್ ಎಕ್ಸ್‌ಪಿ ಕಾಲದ ಮಾತು. ಯಾವ ಸೈಟು ಬೇಕೆಂದು ಬ್ರೌಸರ್ ಸಂಪರ್ಕದ ಆರಂಭದಲ್ಲೇ ಹೇಳುವ ಎಸ್‌ಎನ್‌ಐ ಏರ್ಪಾಡು 2003ರಲ್ಲೇ ಬಂದಿತ್ತು. ಎಕ್ಸ್‌ಪಿಯ ಎಕ್ಸ್‌ಪ್ಲೋರರ್‌ಗೆ ಅದು ಅರ್ಥವಾಗುತ್ತಿರಲಿಲ್ಲ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಲ್ಲಿ ಮೈಕ್ರೋಸಾಫ್ಟ್ ಬೆಂಬಲ ನಿಲ್ಲಿಸಿದ ಮೇಲೆ ಆ ಚಿಂತೆ ಮುಗಿಯಿತು.

ಸ್ವಂತ ವಿಳಾಸ ನಿಜಕ್ಕೂ ಬೇಕಾಗುವುದು ಕೆಲವಕ್ಕೆ. ಮೇಲ್ ಸರ್ವರ್‌ಗೆ ಬೇಕು, ಏಕೆಂದರೆ ಅದರ ಮಾನ ಮರ್ಯಾದೆ ಅಳೆಯುವುದೇ ವಿಳಾಸದ ಮೇಲೆ. ವಿಪಿಎನ್ ಸರ್ವರ್, ಐಪಿ ಫೋನಿನ ಸರ್ವರ್, ಸ್ವಂತ ಡಿಎನ್‌ಎಸ್ ಇದ್ದರೆ ಅದು, ಬ್ಯಾಂಕಿನವರು ‘ಯಾವ ಐಪಿಯಿಂದ ಬರುತ್ತೀರಿ, ಅದನ್ನಷ್ಟೇ ಬಿಡುತ್ತೇವೆ’ ಎಂದು ಕೇಳುವ ಪೇಮೆಂಟ್ ವಿಎಂ, ಗಿರಾಕಿಗೆ ಇಡಿಯಾಗಿ ಬಾಡಿಗೆಗೆ ಕೊಟ್ಟ ವಿಎಂ. ಡೇಟಾಬೇಸ್‌ಗೆ ಎಂದಿಗೂ ಬೇಡ. ಹತ್ತು ವಿಎಂ ಇರುವ ಸಾಮಾನ್ಯ ಕಚೇರಿಗೆ ಐದು ವಿಳಾಸ ಧಾರಾಳವಾಗಿ ಸಾಲುತ್ತದೆ.

ವಿಳಾಸ ಬರುವ ದಾರಿ

ಮನೆಯ ಬ್ರಾಡ್‌ಬ್ಯಾಂಡಿನ ಮೇಲೆ ಸರ್ವರ್ ಇಟ್ಟವರು ಮೊದಲು ರೂಟರ್ ಒಳಗೆ ಹೋಗಿ ವ್ಯಾನ್ ವಿಳಾಸ ನೋಡಿ. ಅದು 100.64ರಿಂದ 100.127ರವರೆಗಿನ ಸಾಲಿನಲ್ಲಿದ್ದರೆ, ಅಥವಾ ‘ನನ್ನ ಐಪಿ ಏನು’ ಎಂದು ತೋರಿಸುವ ತಾಣದಲ್ಲಿ ಕಂಡದ್ದಕ್ಕಿಂತ ಬೇರೆಯಿದ್ದರೆ, ನಿಮಗೆ ಪಬ್ಲಿಕ್ ಐಪಿ ಸಿಕ್ಕೇ ಇಲ್ಲ. ಇಡೀ ಬಡಾವಣೆಗೆ ಒಂದೇ ವಿಳಾಸ ಹಂಚಿರುವ ಸಿಜಿನ್ಯಾಟ್ ಅದು. ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಮಾಡಿದರೂ ಫಲವಿಲ್ಲ. ಹಣ ಕೊಟ್ಟು ಸ್ಟ್ಯಾಟಿಕ್ ಐಪಿ ತೆಗೆದುಕೊಳ್ಳಿ, ಇಲ್ಲವೇ ಮುಂದೆ ಹೇಳುವ ಐಪಿವಿ6 ನೋಡಿ.

ಲೀಸ್ಡ್ ಲೈನ್ ಇದ್ದರೆ ಬ್ಲಾಕ್ ಎರಡು ರೀತಿಯಲ್ಲಿ ಬರಬಹುದು. ಉದಾಹರಣೆಗೆ, ಪುಸ್ತಕಗಳಲ್ಲಿ ಬಳಸಲೆಂದೇ ಮೀಸಲಿಟ್ಟಿರುವ ಸಾಲಿನಿಂದ 203.0.113.8/29 ಎಂಬ ಬ್ಲಾಕ್ ತೆಗೆದುಕೊಳ್ಳೋಣ. ಅದರಲ್ಲಿ 8ರಿಂದ 15ರವರೆಗೆ ಎಂಟು ವಿಳಾಸ. ಮೊದಲನೆಯದು ಬ್ಲಾಕಿನ ಹೆಸರಿಗೆ, ಕೊನೆಯದು ಬ್ರಾಡ್‌ಕಾಸ್ಟ್‌ಗೆ, ಒಂದು ಐಎಸ್‌ಪಿಯ ಗೇಟ್‌ವೇಗೆ. ಉಳಿದದ್ದು ಐದು.

ಮೊದಲ ರೀತಿಯಲ್ಲಿ ಐಎಸ್‌ಪಿಯ ರೂಟರ್ ಅದೇ ತಂತಿಯ ಆಚೆ ತುದಿಯಲ್ಲಿ 9ನೇ ವಿಳಾಸ ಹೊತ್ತು ಕೂತಿರುತ್ತದೆ. 11ಕ್ಕೆ ಏನಾದರೂ ಬಂದರೆ ತಂತಿಯ ಮೇಲೆ ‘11 ಯಾರದು?’ ಎಂದು ಕೂಗುತ್ತದೆ. ಈ ಕೂಗಿಗೆ ಎಆರ್‌ಪಿ ಎಂದು ಹೆಸರು. ಯಾರಾದರೂ ತಮ್ಮ ಮ್ಯಾಕ್ ವಿಳಾಸ ಹೇಳಿ ಓಗೊಟ್ಟರೆ ಅವರಿಗೆ ಕೊಡುತ್ತದೆ, ಇಲ್ಲದಿದ್ದರೆ ಪ್ಯಾಕೆಟ್ಟನ್ನು ಬಿಸಾಡುತ್ತದೆ.

ಎರಡನೆಯ ರೀತಿಯಲ್ಲಿ ತಂತಿಯ ಮೇಲೆ ಬೇರೆಯೇ ಒಂದು ಸಣ್ಣ ಜೋಡಿ ವಿಳಾಸ ಇರುತ್ತದೆ. ಐಎಸ್‌ಪಿ ಕಡೆ 198.51.100.1, ನಿಮ್ಮ ಕಡೆ 198.51.100.2 ಎಂದಿಟ್ಟುಕೊಳ್ಳಿ. ಸ್ಲ್ಯಾಷ್ 29 ಬ್ಲಾಕನ್ನು ಇಡಿಯಾಗಿ ‘198.51.100.2 ಕೈಗೆ ಕೊಡು’ ಎಂದು ಐಎಸ್‌ಪಿ ಬರೆದಿಟ್ಟಿರುತ್ತದೆ. ಕೂಗು ಇಲ್ಲ, ಹುಡುಕಾಟ ಇಲ್ಲ, ಪ್ಯಾಕೆಟ್ ನೇರ ನಿಮ್ಮ ಬಳಿಗೆ ಬರುತ್ತದೆ. ಆಮೇಲೆ ಅದನ್ನು ಹಂಚುವುದು ನಿಮ್ಮ ಜವಾಬ್ದಾರಿ. ಇದನ್ನು ರೂಟೆಡ್ ಬ್ಲಾಕ್ ಎನ್ನುತ್ತಾರೆ.

ನಿಮ್ಮದು ಯಾವುದು? ಸೇಲ್ಸ್‌ನವರನ್ನು ಕೇಳಿದರೆ ‘ಟೆಕ್ನಿಕಲ್ ಟೀಮ್ ಕಾಲ್ ಮಾಡುತ್ತೆ ಸಾರ್’ ಎನ್ನುತ್ತಾರೆ. ಕಾಯಬೇಕಿಲ್ಲ, ಐದು ನಿಮಿಷದಲ್ಲಿ ನೀವೇ ಕಂಡುಹಿಡಿಯಬಹುದು. ಸರ್ವರ್‌ನಲ್ಲಿ ಟಿಸಿಪಿಡಂಪ್ ಓಡಿಸಿ, ಲೀಸ್ಡ್ ಲೈನ್ ಸೇರಿದ ಪೋರ್ಟಿನ ಮೇಲೆ ಕಣ್ಣಿಡಿ. ನಿಮ್ಮ ಮೊಬೈಲಿನ ವೈಫೈ ಆರಿಸಿ, ಮೊಬೈಲ್ ಡೇಟಾದಿಂದ ಇನ್ನೂ ಯಾರಿಗೂ ಕೊಡದ ಒಂದು ವಿಳಾಸಕ್ಕೆ, ಉದಾಹರಣೆಗೆ 13ಕ್ಕೆ, ಪಿಂಗ್ ಕಳಿಸಿ. ತಂತಿಯ ಮೇಲೆ ‘13 ಯಾರದು’ ಎಂಬ ಎಆರ್‌ಪಿ ಪ್ರಶ್ನೆ ಕಂಡರೆ ಮೊದಲ ರೀತಿ. ಪ್ರಶ್ನೆಯೇ ಇಲ್ಲದೆ ಪಿಂಗ್ ಪ್ಯಾಕೆಟ್ಟೇ ಬಂದು ಬಿದ್ದರೆ ರೂಟೆಡ್. ಏನೂ ಕಾಣದಿದ್ದರೆ ಬ್ಲಾಕ್ ನಿಮ್ಮ ಕಚೇರಿಯವರೆಗೆ ಬಂದೇ ಇಲ್ಲ, ಸರ್ವರ್ ಮುಟ್ಟದೆ ಐಎಸ್‌ಪಿಗೆ ಟಿಕೆಟ್ ಹಾಕಿ. ನಡುವೆ ಫೈರ್‌ವಾಲ್ ಪೆಟ್ಟಿಗೆಯೋ ಮೈಕ್ರೊಟಿಕ್ ರೂಟರೋ ಇದ್ದರೆ ಈ ಪರೀಕ್ಷೆಯನ್ನು ಅದರ ಹೊರಗಡೆಯ ಪೋರ್ಟಿನಲ್ಲಿ ಮಾಡಬೇಕು. ಮೈಕ್ರೊಟಿಕ್‌ನಲ್ಲಿ ಇದಕ್ಕೆಂದೇ ಟಾರ್ಚ್ ಮತ್ತು ಪ್ಯಾಕೆಟ್ ಸ್ನಿಫರ್ ಇವೆ.

ಈ ಒಂದು ಪರೀಕ್ಷೆ ಮಾಡದೆ ಬ್ರಿಡ್ಜ್ ಸರಿಯೋ ರೂಟಿಂಗ್ ಸರಿಯೋ ಎಂದು ವಾದ ಮಾಡುವುದು ವ್ಯರ್ಥ.

ಬ್ರಿಡ್ಜ್

ಮೊದಲ ರೀತಿಯಲ್ಲಿ ಬಂದ ಬ್ಲಾಕಿಗೆ ಬ್ರಿಡ್ಜ್ ಸಹಜ. ಬ್ರಿಡ್ಜ್ ಎಂದರೆ ಸರ್ವರ್ ಒಳಗೆ ಲಿನಕ್ಸ್ ಕಟ್ಟಿಕೊಡುವ ಒಂದು ಸ್ವಿಚ್. ಅದರ ಒಂದು ಪೋರ್ಟಿಗೆ ಸರ್ವರ್‌ನ ನಿಜವಾದ ನೆಟ್‌ವರ್ಕ್ ಕಾರ್ಡ್, ಉಳಿದವಕ್ಕೆ ವಿಎಂಗಳು. ಪ್ರಾಕ್ಸ್‌ಮಾಕ್ಸ್ ಇನ್‌ಸ್ಟಾಲ್ ಮಾಡುವಾಗಲೇ ವಿಎಂಬಿಆರ್0 ಎಂಬ ಹೆಸರಿನಲ್ಲಿ ಒಂದನ್ನು ಮಾಡಿಕೊಟ್ಟಿರುತ್ತದೆ. ವಿಎಂಗೆ 203.0.113.11, ಗೇಟ್‌ವೇ 203.0.113.9, ಮಾಸ್ಕ್ ಸ್ಲ್ಯಾಷ್ 29 ಎಂದು ಬರೆದರೆ ಮುಗಿಯಿತು. ಐಎಸ್‌ಪಿ ರೂಟರ್ ಕೂಗಿದಾಗ ವಿಎಂ ತಾನೇ ಓಗೊಡುತ್ತದೆ.

ಬರಿ ಉಬುಂಟು ಅಥವಾ ಡೆಬಿಯನ್ ಮೇಲೆ ಕೆವಿಎಂ ಹಾಕಿದವರಿಗೆ ಬ್ರಿಡ್ಜ್ ತಾನಾಗಿ ಬರುವುದಿಲ್ಲ. ಲಿಬ್‌ವರ್ಟ್ ಕೊಡುವುದು 192.168.122 ಸಾಲಿನ ನ್ಯಾಟ್ ನೆಟ್‌ವರ್ಕ್, ಅದು ಒಳಗಿನಿಂದ ಹೊರಕ್ಕೆ ಹೋಗಲಷ್ಟೇ. ಬ್ರಿಡ್ಜನ್ನು ನೀವೇ ಮಾಡಬೇಕು. ಮಾಡುವಾಗ ಸರ್ವರ್‌ನ ಸ್ವಂತ ಐಪಿಯನ್ನು ಕಾರ್ಡಿನಿಂದ ತೆಗೆದು ಬ್ರಿಡ್ಜ್ ಮೇಲೆ ಹಾಕಬೇಕು, ಎರಡರ ಮೇಲೂ ಇಡಬಾರದು. ಮನೆಯಲ್ಲಿ ಕೂತು ಎಸ್‌ಎಸ್‌ಎಚ್‌ನಲ್ಲಿ ಈ ಬದಲಾವಣೆ ಮಾಡಿ ಸಂಪರ್ಕ ಕಡಿದುಕೊಂಡು, ರಾತ್ರಿ ಟಿನ್ ಫ್ಯಾಕ್ಟರಿ ಟ್ರಾಫಿಕ್ಕಿನಲ್ಲಿ ಕಚೇರಿಗೆ ಓಡುವುದು ಯಾರಿಗೂ ಬೇಡ. ಸರ್ವರ್‌ನಲ್ಲಿ ದೂರದಿಂದಲೇ ನಿಭಾಯಿಸಲು ಬಿಡುವ ಐಡ್ರಾಕ್ ಅಥವಾ ಐಎಲ್‌ಒ ಇದ್ದರೆ ಮೊದಲು ಅದನ್ನು ಒಳಗಿನ ನೆಟ್‌ವರ್ಕಿಗೆ ಜೋಡಿಸಿ ಪರೀಕ್ಷಿಸಿ. ಅದಕ್ಕೆ ಪಬ್ಲಿಕ್ ಐಪಿ ಮಾತ್ರ ಕೊಡಬೇಡಿ. ಉಬುಂಟುವಿನಲ್ಲಿ ನೆಟ್‌ಪ್ಲಾನ್ ಟ್ರೈ ಎಂಬ ಆದೇಶವಿದೆ. 120 ಸೆಕೆಂಡಿನಲ್ಲಿ ನೀವು ಒಪ್ಪಿಗೆ ಒತ್ತದಿದ್ದರೆ ಹಳೆಯ ಸೆಟ್ಟಿಂಗಿಗೆ ಮರಳಲು ಅದು ನೋಡುತ್ತದೆ.

ಎಲ್ಲವೂ ಸರಿಯಿದ್ದು ವಿಳಾಸ ಮಾತ್ರ ಏಳದಿದ್ದರೆ ಸಾಮಾನ್ಯವಾಗಿ ಮೂರು ಕಡೆ ನೋಡಬೇಕು. ಒಂದು, ಆ ವಿಳಾಸ ಹಿಂದೆ ಬೇರೆ ಯಂತ್ರದ ಮೇಲಿತ್ತೇ? ಐಎಸ್‌ಪಿ ರೂಟರ್ ಹಳೆಯ ಮ್ಯಾಕ್ ನೆನಪಿಟ್ಟುಕೊಂಡಿರುತ್ತದೆ. ಸಿಸ್ಕೊ ರೂಟರ್‌ನಲ್ಲಿ ಈ ನೆನಪು ಮಾಮೂಲಿಯಾಗಿ 4 ಗಂಟೆ ಉಳಿಯುತ್ತದೆ. ‘ಊಟ ಮಾಡಿ ಬಂದ ಮೇಲೆ ತಾನಾಗಿ ಸರಿಹೋಯಿತು’ ಎಂಬ ಪವಾಡಗಳ ಗುಟ್ಟು ಇದೇ. ಕಾಯುವ ಬದಲು ವಿಎಂನಿಂದ ಆರ್ಪಿಂಗ್ ಮಾಡಿ ‘11 ಈಗ ನಾನು’ ಎಂದು ಸಾರಿದರೆ ಸಾಕಾಗುತ್ತದೆ. ಎರಡು, ಅದೇ ಸರ್ವರ್‌ನಲ್ಲಿ ಡಾಕರ್ ಹಾಕಿದ್ದೀರಾ? ಡಾಕರ್ ಬಂದೊಡನೆ ಬ್ರಿಡ್ಜ್ ಮೇಲಿನ ಪ್ಯಾಕೆಟ್ಟುಗಳೂ ಐಪಿಟೇಬಲ್ಸ್ ಕೈಗೆ ಸಿಕ್ಕಿಬೀಳಬಹುದು, ಅದು ಫಾರ್ವರ್ಡ್ ಬಾಗಿಲನ್ನೇ ಮುಚ್ಚಿರುತ್ತದೆ. ಡಾಕರ್‌ಗೆ ಒಂದು ವಿಎಂ ಮಾಡಿ ಅದರೊಳಗೆ ಇಡಿ, ಹೋಸ್ಟ್ ಮೇಲೆ, ಅಂದರೆ ನೇರ ಸರ್ವರ್ ಮೇಲೆ, ಬೇಡ. ಮೂರು, ಸರ್ವರ್ ವೈಫೈ ಮೇಲಿದೆಯೇ? ಕಲಿಯಲು ಲ್ಯಾಪ್‌ಟಾಪಿನಲ್ಲಿ ಮಾಡುವವರು ಎಡವುವುದು ಇಲ್ಲೇ. ಒಂದು ಕಾರ್ಡಿನಿಂದ ಹಲವು ಮ್ಯಾಕ್ ಹೊರಬರುವುದನ್ನು ವೈಫೈ ಸಾಮಾನ್ಯವಾಗಿ ಒಪ್ಪುವುದಿಲ್ಲ. ತಂತಿ ಹಾಕಿ.

ಸರ್ವರ್ ಕಚೇರಿಯಲ್ಲಿರದೆ ಡೇಟಾ ಸೆಂಟರ್‌ನಲ್ಲಿದ್ದರೆ ಬ್ರಿಡ್ಜ್‌ಗೆ ಇನ್ನೊಂದು ತೊಡಕು. ಬಾಡಿಗೆ ಸರ್ವರ್ ಕೊಡುವ ಅನೇಕರು ಒಂದು ಪೋರ್ಟಿನಿಂದ ಒಂದೇ ಮ್ಯಾಕ್ ಹೊರಬರಬೇಕೆಂದು ಸ್ವಿಚ್‌ನಲ್ಲಿ ಕಟ್ಟಿಹಾಕಿರುತ್ತಾರೆ. ವಿಎಂನ ಹೊಸ ಮ್ಯಾಕ್ ಕಂಡೊಡನೆ ಪ್ಯಾಕೆಟ್ ಬಿಸಾಡುತ್ತಾರೆ, ಕೆಲವರು ಪೋರ್ಟನ್ನೇ ಮುಚ್ಚುತ್ತಾರೆ. ಜರ್ಮನಿಯ ಹೆಟ್ಸ್‌ನರ್, ಫ್ರಾನ್ಸಿನ ಒವಿಎಚ್‌ನಂಥವರ ಬಳಿ ಹೆಚ್ಚುವರಿ ಐಪಿಗೆ ಪ್ರತ್ಯೇಕ ಮ್ಯಾಕ್ ಕೇಳಿ ಪಡೆಯಬಹುದು. ಅವರು ಕೊಟ್ಟ ಮ್ಯಾಕ್ಕನ್ನೇ ವಿಎಂ ಸೆಟ್ಟಿಂಗಿನಲ್ಲಿ ಅಕ್ಷರ ತಪ್ಪದೆ ಹಾಕಬೇಕು. ಅಂಥ ಸೌಲಭ್ಯ ಇಲ್ಲದ ಕಡೆ ಬ್ರಿಡ್ಜ್ ಮರೆತುಬಿಡಿ.

ರೂಟಿಂಗ್: ನನ್ನ ಮತ ಇದಕ್ಕೆ

ಬ್ಲಾಕ್ ರೂಟೆಡ್ ಆಗಿದ್ದರೆ ಸರ್ವರ್ ತಾನೇ ರೂಟರ್ ಆಗುತ್ತದೆ. ಹೊರಗಿನ ಕಾರ್ಡಿಗೆ 198.51.100.2. ಒಳಗೆ ಯಾವ ಕಾರ್ಡನ್ನೂ ಸೇರಿಸದ ಒಂದು ಖಾಲಿ ಬ್ರಿಡ್ಜ್, ಅದರ ಮೇಲೆ 203.0.113.9. ಐಪಿ ಫಾರ್ವರ್ಡಿಂಗ್ ಆನ್. ವಿಎಂಗಳಿಗೆ 10ರಿಂದ 14ರವರೆಗಿನ ವಿಳಾಸ, ಗೇಟ್‌ವೇ 9, ಅಂದರೆ ನಿಮ್ಮದೇ ಸರ್ವರ್. ಪ್ರತಿ ಪ್ಯಾಕೆಟ್ಟೂ ಹೋಸ್ಟ್ ಮೂಲಕ ಹಾಯುವುದರಿಂದ ಫೈರ್‌ವಾಲ್ ಹಾಕಲು ಒಂದೇ ಜಾಗ ಸಾಕು. ವಿಎಂಗಳ ಮ್ಯಾಕ್ ಹೊರಗೆ ಯಾರಿಗೂ ಕಾಣುವುದಿಲ್ಲ.

ಜೊತೆಗೊಂದು ಲಾಭವೂ ಇದೆ. ಬ್ಲಾಕ್ ನಿಮ್ಮ ಕೈಗೇ ಇಡಿಯಾಗಿ ಬರುವುದರಿಂದ ಅದನ್ನು ಸ್ಲ್ಯಾಷ್ 29 ಎಂದೇ ಬಳಸಬೇಕೆಂಬ ಕಟ್ಟುಪಾಡು ಇಲ್ಲ. ಒಂದೊಂದು ವಿಳಾಸವನ್ನೂ ಸ್ಲ್ಯಾಷ್ 32 ಎಂದು ಬಿಡಿಬಿಡಿಯಾಗಿ ವಿಎಂ ಕಡೆಗೆ ರೂಟ್ ಬರೆದು, ವಿಎಂ ಒಳಗೆ ಹೋಸ್ಟ್‌ನ ವಿಳಾಸವನ್ನೇ ಗೇಟ್‌ವೇ ಎಂದು, ‘ಅದು ಇದೇ ತಂತಿಯ ಮೇಲಿದೆ’ ಎಂಬ ಸೂಚನೆ ಸಹಿತ ಕೊಟ್ಟರೆ ಎಂಟಕ್ಕೆ ಎಂಟೂ ಬಳಕೆಗೆ ಬರುತ್ತವೆ. 8 ಮತ್ತು 15ನ್ನೂ ವಿಎಂಗೆ ಕೊಡಬಹುದು. ಮೂರು ವಿಳಾಸ ಉಳಿಯಿತು. ಲಿನಕ್ಸ್ ವಿಎಂಗಳಲ್ಲಿ ಇದು ಸಲೀಸು. ವಿಂಡೋಸ್ ವಿಎಂಗಳಿಗೆ ಮಧ್ಯದ ಸಾದಾ ವಿಳಾಸಗಳನ್ನು ಇಟ್ಟುಕೊಳ್ಳಿ.

ಬ್ಲಾಕ್ ಮೊದಲ ರೀತಿಯದು, ಆದರೆ ಮ್ಯಾಕ್ ನಿರ್ಬಂಧ ಇದೆ ಎಂದಾದರೆ? ಆಗಲೂ ದಾರಿಯಿದೆ. ಪ್ರಾಕ್ಸಿ ಎಆರ್‌ಪಿ ಆನ್ ಮಾಡಿದರೆ ‘11 ಯಾರದು’ ಎಂಬ ಕೂಗಿಗೆ ವಿಎಂ ಪರವಾಗಿ ಹೋಸ್ಟ್ ತನ್ನ ಮ್ಯಾಕ್ ಹೇಳಿ ಓಗೊಡುತ್ತದೆ, ಬಂದದ್ದನ್ನು ಒಳಕ್ಕೆ ದಾಟಿಸುತ್ತದೆ. ಚೊಕ್ಕಟವಾದ ವಿಧಾನವಲ್ಲ, ಆದರೆ ಕೆಲಸ ನಡೆಯುತ್ತದೆ. ಹೊಸ ಲೈನ್ ತೆಗೆದುಕೊಳ್ಳುವವರು ಮಾತ್ರ ಆರ್ಡರ್ ಫಾರಂ ತುಂಬುವಾಗಲೇ ‘ಬ್ಲಾಕನ್ನು ನಮ್ಮ ವ್ಯಾನ್ ಐಪಿಗೆ ರೂಟ್ ಮಾಡಿಕೊಡಿ’ ಎಂದು ಬರೆದು ಕೇಳಿ. ಲೈನ್ ಬಂದ ಮೇಲೆ ಬದಲಾಯಿಸಿಕೊಡಿ ಎಂದರೆ ವಾರಗಟ್ಟಲೆ ಹೋಗುತ್ತದೆ.

ಒಂದಕ್ಕೊಂದು ನ್ಯಾಟ್

ಮೂರನೆಯ ವಿಧಾನದಲ್ಲಿ ವಿಎಂಗೆ ಖಾಸಗಿ ವಿಳಾಸವೇ ಇರುತ್ತದೆ. ಪಬ್ಲಿಕ್ ವಿಳಾಸ ಹೋಸ್ಟ್ ಅಥವಾ ಫೈರ್‌ವಾಲ್ ಮೇಲೆ ಕೂತು, ಬಂದದ್ದನ್ನು ಒಳಗಿನ ವಿಳಾಸಕ್ಕೆ ತಿದ್ದಿ ಕಳಿಸುತ್ತದೆ. ಅಮೆಜಾನ್ ಕ್ಲೌಡಿನಲ್ಲಿ ನಡೆಯುವುದೂ ಇದೇ, ಅಲ್ಲಿನ ವಿಎಂ ಒಳಗೆ ಹೋಗಿ ನೋಡಿದರೆ ಪಬ್ಲಿಕ್ ಐಪಿವಿ4 ಎಲ್ಲೂ ಕಾಣುವುದಿಲ್ಲ. ಕಚೇರಿಯಲ್ಲಿ ಈಗಾಗಲೇ ಫೋರ್ಟಿಗೇಟ್, ಸೋಫೋಸ್ ಇದ್ದು ಅದನ್ನು ನೋಡಿಕೊಳ್ಳುವವರು ಬೇರೆ ಇದ್ದರೆ ಇದೇ ಸರಿ. ನೀವು ಸರ್ವರ್ ಕಡೆ ಏನನ್ನೂ ಮುಟ್ಟಬೇಕಿಲ್ಲ. ಐಎಸ್‌ಪಿ ಬದಲಾದರೂ ವಿಎಂಗಳ ವಿಳಾಸ ಬದಲಿಸಬೇಕಿಲ್ಲ.

ತೊಂದರೆ ಎರಡು. ತನ್ನ ವಿಳಾಸವನ್ನು ಮಾತಿನ ನಡುವೆ ತಾನೇ ಹೇಳಿಕೊಳ್ಳುವ ಐಪಿ ಫೋನ್, ಎಫ್‌ಟಿಪಿಯಂಥವು ಹೊರಗಿನವರಿಗೆ ಖಾಸಗಿ ವಿಳಾಸ ಹೇಳಿ ಕೆಡಿಸುತ್ತವೆ. ಫೋನಿನಲ್ಲಿ ಒಂದು ಕಡೆಯ ದನಿ ಮಾತ್ರ ಕೇಳಿಸಿದರೆ ಮೊದಲು ಇಲ್ಲಿ ಹುಡುಕಿ. ಇನ್ನೊಂದು, ಕಚೇರಿಯೊಳಗಿನಿಂದಲೇ ಪಬ್ಲಿಕ್ ವಿಳಾಸಕ್ಕೆ ಹೋದರೆ ಸೈಟ್ ತೆರೆಯದೆ, ಹೊರಗಿನವರಿಗೆ ಮಾತ್ರ ತೆರೆಯುವುದು. ಹೇರ್‌ಪಿನ್ ನ್ಯಾಟ್ ಎಂಬ ನಿಯಮ ಸೇರಿಸಬೇಕು, ಇಲ್ಲವೇ ಒಳಗಿನ ಡಿಎನ್‌ಎಸ್‌ನಲ್ಲಿ ಖಾಸಗಿ ವಿಳಾಸ ಕೊಡಬೇಕು.

ಎರಡು ಲೈನ್ ಇದ್ದವರಿಗೆ

ರಸ್ತೆ ಅಗೆದಾಗಲೆಲ್ಲ ಫೈಬರ್ ತುಂಡಾಗುವ ಊರಿನಲ್ಲಿ ಎರಡು ಐಎಸ್‌ಪಿ ಇಟ್ಟುಕೊಳ್ಳುವುದು ಜಾಣತನ. ಆದರೆ ಒಬ್ಬರು ಕೊಟ್ಟ ವಿಳಾಸ ಇನ್ನೊಬ್ಬರ ಲೈನಿನಲ್ಲಿ ನಡೆಯದು. ತಾವು ಕೊಡದ ವಿಳಾಸದಿಂದ ಹೊರಟ ಪ್ಯಾಕೆಟ್ಟನ್ನು ಬಿಸಾಡಬೇಕೆಂಬುದು 2000ದಿಂದ ಐಎಸ್‌ಪಿಗಳಿಗೆ ಇರುವ ಶಿಫಾರಸು. ಒಂದು ವಿಎಂಗೆ ಎರಡು ಕಾರ್ಡು ಕೊಟ್ಟು ಎರಡರಲ್ಲೂ ಡಿಫಾಲ್ಟ್ ಗೇಟ್‌ವೇ ಬರೆಯುವುದು ತೀರಾ ಸಾಮಾನ್ಯ ತಪ್ಪು. ಒಂದು ಕಡೆಯಿಂದ ಬಂದ ಪ್ರಶ್ನೆಗೆ ಉತ್ತರ ಇನ್ನೊಂದು ಕಡೆ ಹೋಗಿ ಕಳೆದುಹೋಗುತ್ತದೆ. ಯಾವ ವಿಳಾಸದಿಂದ ಹೊರಟಿತೋ ಆ ಲೈನಿಗೇ ಕಳಿಸುವ ಪಾಲಿಸಿ ರೂಟಿಂಗ್ ಬರೆಯಬೇಕು. ಎರಡೂ ಲೈನಿನಲ್ಲಿ ನಡೆಯುವ ವಿಳಾಸವೇ ಬೇಕೆಂದರೆ ಐರಿನ್ ಸದಸ್ಯರಾಗಿ ಸ್ವಂತ ಬ್ಲಾಕ್, ಸ್ವಂತ ಎಎಸ್ ಸಂಖ್ಯೆ ಪಡೆದು ಬಿಜಿಪಿ ನಡೆಸಬೇಕು. ಜಗತ್ತಿನ ರೂಟರ್‌ಗಳು ಸಾಮಾನ್ಯವಾಗಿ ಸ್ಲ್ಯಾಷ್ 24ಕ್ಕಿಂತ, ಅಂದರೆ 256 ವಿಳಾಸಕ್ಕಿಂತ, ಸಣ್ಣ ತುಂಡನ್ನು ಒಪ್ಪುವುದಿಲ್ಲ. ಹತ್ತು ವಿಎಂ ಕಚೇರಿಗೆ ಇದು ಅತಿಯಾಯಿತು.

ವಿಳಾಸ ಎದ್ದ ಗಳಿಗೆಯಿಂದ

ಪಬ್ಲಿಕ್ ವಿಳಾಸ ಎದ್ದ ಕೆಲವೇ ನಿಮಿಷಗಳಲ್ಲಿ ಪೋರ್ಟ್ 22ರ ಮೇಲೆ ಅಪರಿಚಿತರ ಬಾಗಿಲು ಬಡಿತ ಶುರುವಾಗುತ್ತದೆ. ನಿಮ್ಮ ಮೇಲೆ ಯಾರಿಗೂ ಹಗೆಯಿಲ್ಲ, ಇಡೀ ವಿಳಾಸ ಲೋಕವನ್ನು ಸಾಲಾಗಿ ಬಡಿಯುವ ಯಂತ್ರಗಳು ಅವು. ಆದ್ದರಿಂದ ಫೈರ್‌ವಾಲ್ ಮೊದಲು, ವಿಳಾಸ ಆಮೇಲೆ. ಎಲ್ಲ ಮುಚ್ಚಿ ಬೇಕಾದ್ದನ್ನಷ್ಟೇ ತೆರೆಯಿರಿ. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ತೆಗೆದು ಕೀ ಹಾಕಿ. ಪ್ರಾಕ್ಸ್‌ಮಾಕ್ಸ್‌ನ 8006 ಪೋರ್ಟು, ವಿಂಡೋಸ್ ರಿಮೋಟ್ ಡೆಸ್ಕ್‌ಟಾಪ್‌ನ 3389, ಡೇಟಾಬೇಸ್‌ಗಳ 3306, 5432, 27017 ಇವು ವಿಪಿಎನ್ ಒಳಗಿನಿಂದ ಮಾತ್ರ ಕಾಣಬೇಕು. 2017ರ ಜನವರಿಯಲ್ಲಿ ಪಾಸ್‌ವರ್ಡ್ ಇಲ್ಲದೆ ತೆರೆದಿದ್ದ ಸಾವಿರಾರು ಮಾಂಗೋಡಿಬಿ ಡೇಟಾಬೇಸ್‌ಗಳನ್ನು ಅಳಿಸಿ ಹಣ ಕೇಳಿದ ಘಟನೆ ನಡೆದದ್ದು ಇಂಥ ಬಿಟ್ಟ ಬಾಗಿಲುಗಳಿಂದಲೇ. ವಿಎಂ ಒಳಗೆ ಡಾಕರ್ ಬಳಸುವವರು ಇನ್ನೊಂದು ಗಮನಿಸಿ: ಡಾಕರ್‌ನಲ್ಲಿ ತೆರೆದ ಪೋರ್ಟು ಉಬುಂಟುವಿನ ಯುಎಫ್‌ಡಬ್ಲ್ಯೂ ನಿಯಮವನ್ನು ದಾಟಿ ಹೊರಗೆ ಕಾಣಿಸುತ್ತದೆ. ಹೋಸ್ಟ್‌ನಲ್ಲೋ ಮುಂದಿನ ಫೈರ್‌ವಾಲ್‌ನಲ್ಲೋ ತಡೆಯುವುದು ಭದ್ರ.

ಗಿರಾಕಿಗೆ ವಿಎಂ ಬಾಡಿಗೆ ಕೊಡುವವರು ಪ್ರಾಕ್ಸ್‌ಮಾಕ್ಸ್ ಫೈರ್‌ವಾಲ್‌ನಲ್ಲಿ ಆ ವಿಎಂಗೆ ಕೊಟ್ಟ ವಿಳಾಸ ಬಿಟ್ಟು ಬೇರೆ ಬಳಸದಂತೆ ಐಪಿ ಫಿಲ್ಟರ್ ಹಾಕಿ. ಇಲ್ಲದಿದ್ದರೆ ಒಬ್ಬ ಗಿರಾಕಿ ಕುತೂಹಲಕ್ಕೆ ಪಕ್ಕದ ವಿಳಾಸ ಟೈಪ್ ಮಾಡಿದರೂ ಇನ್ನೊಬ್ಬರ ಸೈಟ್ ಬೀಳುತ್ತದೆ.

ಮೇಲ್ ಸರ್ವರ್‌ನವರು ವಿಳಾಸ ಕೈಗೆ ಬಂದೊಡನೆ ಅದು ಸ್ಪ್ಯಾಮ್‌ಹಾಸ್‌ನಂಥ ಕಪ್ಪುಪಟ್ಟಿಯಲ್ಲಿದೆಯೇ ನೋಡಿ. ವಿಳಾಸಗಳು ಸೆಕೆಂಡ್‌ಹ್ಯಾಂಡ್ ಆಗಿಯೇ ಬರುವ ಕಾಲವಿದು, ಹಿಂದಿನವನ ಪಾಪ ನಿಮ್ಮ ತಲೆಗೆ ಬಂದಿರಬಹುದು. ಇದ್ದರೆ ಬೇರೆ ಬ್ಲಾಕ್ ಕೇಳಿ. ಪಿಟಿಆರ್ ಎಂಬ ಹಿಮ್ಮುಖ ಹೆಸರನ್ನು ನೀವು ಬರೆಯಲಾಗದು, ಬ್ಲಾಕ್ ಯಾರ ಹೆಸರಿನಲ್ಲಿದೆಯೋ ಆ ಐಎಸ್‌ಪಿಯೇ ಬರೆಯಬೇಕು. ಪೋರ್ಟ್ 25 ತೆರೆದಿದೆಯೇ ಎಂಬುದನ್ನೂ ಅದೇ ಟಿಕೆಟ್ಟಿನಲ್ಲಿ ಕೇಳಿಬಿಡಿ.

ಐಪಿವಿ6ನ್ನು ಬಿಡಬೇಡಿ

ಜಿಯೊ 2016ರ ಸೆಪ್ಟೆಂಬರ್‌ನಲ್ಲಿ ಬಂದ ಮೇಲೆ ಭಾರತ ಐಪಿವಿ6 ಬಳಕೆಯಲ್ಲಿ ಜಗತ್ತಿನ ಮುಂಚೂಣಿ ದೇಶಗಳ ಸಾಲಿಗೆ ಸೇರಿತು. ನಿಮ್ಮ ಸೈಟು ನೋಡುವ ಮೊಬೈಲ್‌ಗಳಲ್ಲಿ ಬಹಳಷ್ಟು ಈಗಾಗಲೇ ಅದರ ಮೇಲಿವೆ. ಹಿಂದುಳಿದಿರುವುದು ಕಚೇರಿಗಳೇ. ಐಎಸ್‌ಪಿಯನ್ನು ಕೇಳುವಾಗ ಸ್ಲ್ಯಾಷ್ 56 ಅಥವಾ 48 ಕೇಳಿ, ಅದೂ ರೂಟ್ ಮಾಡಿಕೊಡುವಂತೆ. ಸ್ಲ್ಯಾಷ್ 64 ಒಂದೇ ಕೊಟ್ಟರೆ ಒಂದು ಜಾಲಕ್ಕೆ ಮಾತ್ರ ಆಗುತ್ತದೆ. ಹೋಸ್ಟ್‌ನಲ್ಲಿ ಐಪಿವಿ6 ಫಾರ್ವರ್ಡಿಂಗ್ ಆನ್ ಮಾಡಿದೊಡನೆ ಲಿನಕ್ಸ್ ಮೇಲಿನ ರೂಟರ್‌ನ ಪ್ರಕಟಣೆಗಳಿಗೆ ಕಿವಿಗೊಡುವುದನ್ನು ನಿಲ್ಲಿಸುತ್ತದೆ. ಆಕ್ಸೆಪ್ಟ್ ಆರ್‌ಎ ಎಂಬುದನ್ನು 2ಕ್ಕೆ ಇಡಬೇಕು, ಅಥವಾ ಗೇಟ್‌ವೇಯನ್ನು ಕೈಯಾರೆ ಬರೆಯಬೇಕು. ಇಲ್ಲಿ ನ್ಯಾಟ್‌ನ ಮರೆ ಇಲ್ಲ, ಪ್ರತಿ ವಿಎಂ ನೇರ ಹೊರಗೆ ಕಾಣುತ್ತದೆ. ಐಪಿವಿ4ಗೆ ಬರೆದ ಫೈರ್‌ವಾಲ್ ನಿಯಮಗಳನ್ನು ಐಪಿವಿ6ಗೂ ಬರೆದಿದ್ದೀರೋ ಎಂದು ಹೊರಗಿನಿಂದ ಪರೀಕ್ಷಿಸಿ ನೋಡಿ.

ಹತ್ತು ವಿಎಂಗೂ ಐಪಿವಿ6, ಮುಂದಿನ ರಿವರ್ಸ್ ಪ್ರಾಕ್ಸಿಗೆ ಮಾತ್ರ ಐಪಿವಿ4, ಮೇಲ್ ಮತ್ತು ವಿಪಿಎನ್‌ಗೆ ತಲಾ ಒಂದು. ಇವತ್ತು ಹೊಸದಾಗಿ ಕಟ್ಟುವವರಿಗೆ ಇದಕ್ಕಿಂತ ಒಳ್ಳೆಯ ವಿನ್ಯಾಸ ನನಗೆ ಕಾಣುವುದಿಲ್ಲ.

ದಫ್ತರ

ಯಾವ ವಿಎಂಗೆ ಯಾವ ವಿಳಾಸ, ಯಾವ ಮ್ಯಾಕ್, ಯಾವ ದಿನದಿಂದ, ಯಾರ ಪರವಾಗಿ ಎಂಬ ಪಟ್ಟಿ ಒಂದು ಸ್ಪ್ರೆಡ್‌ಶೀಟಿನಲ್ಲಾದರೂ ಇರಲಿ. ಬಾಡಿಗೆಗೆ ವಿಎಂ ಕೊಡುವವರಿಗೆ ಇದು ಕಾನೂನಿನ ಮಾತೂ ಹೌದು. ಸೈಬರ್ ಭದ್ರತೆಯ ಕೇಂದ್ರ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಡೇಟಾ ಸೆಂಟರ್, ವಿಪಿಎಸ್, ಕ್ಲೌಡ್, ವಿಪಿಎನ್ ಸೇವೆ ಕೊಡುವವರು ಗಿರಾಕಿಯ ದೃಢಪಟ್ಟ ಹೆಸರು, ವಿಳಾಸ, ಸಂಪರ್ಕ ಸಂಖ್ಯೆ, ಬಾಡಿಗೆಯ ಅವಧಿ, ಕೊಟ್ಟ ಐಪಿ ಇವನ್ನು ಸೇವೆ ಮುಗಿದ ಮೇಲೂ 5 ವರ್ಷ ಕಾಯ್ದಿಡಬೇಕು. ಲಾಗ್‌ಗಳನ್ನು 180 ದಿನ ಇಟ್ಟಿರಬೇಕು. ಸರ್ವರ್ ಮೇಲೆ ದಾಳಿ ನಡೆದದ್ದು ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ಸರ್ವರ್‌ಗಳ ಗಡಿಯಾರ ಎನ್‌ಐಸಿ ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯಕ್ಕೆ ಹೊಂದಿರಬೇಕು. ಲಾಗ್‌ನಲ್ಲಿ ಎಲ್ಲ ವಿಎಂಗಳೂ ರಿವರ್ಸ್ ಪ್ರಾಕ್ಸಿಯ ಐಪಿಯನ್ನೇ ಬರೆದಿಟ್ಟರೆ ಅಂಥ ಲಾಗ್ ಯಾರಿಗೂ ಉಪಯೋಗವಿಲ್ಲ. ಬಂದವರ ನಿಜವಾದ ವಿಳಾಸ ಒಳಗಿನ ವಿಎಂಗೂ ತಲುಪುವಂತೆ ಪ್ರಾಕ್ಸಿಯಲ್ಲಿ ಹೆಡರ್ ಸೇರಿಸಿ.

ಇನ್ನು ಲೈನ್ ಬಿಡುವಾಗ ಅಥವಾ ಐಎಸ್‌ಪಿ ಬದಲಿಸುವಾಗ. ಬಹಳ ಕಚೇರಿಗಳು ಹೊಸ ವಿಳಾಸ ಡಿಎನ್‌ಎಸ್‌ನಲ್ಲಿ ಬರೆದು, ಹಳೆಯ ಪರೀಕ್ಷಾ ಸೈಟುಗಳ ನಾಲ್ಕಾರು ದಾಖಲೆಗಳನ್ನು ಹಾಗೇ ಬಿಟ್ಟಿರುತ್ತವೆ. ಆ ವಿಳಾಸ ನಾಳೆ ಬೇರೆಯವರಿಗೆ ಹೋಗುತ್ತದೆ. ನಿಮ್ಮ ಹೆಸರಿನಲ್ಲಿ ಅವರು ಏನು ಬೇಕಾದರೂ ತೋರಿಸಬಹುದು, ನಿಮ್ಮ ಹೆಸರಿಗೆ ಸರ್ಟಿಫಿಕೇಟ್ ಕೂಡ ಪಡೆಯಬಹುದು. ಬದಲಾವಣೆಗೆ ಎರಡು ದಿನ ಮುಂಚೆ ಡಿಎನ್‌ಎಸ್‌ನ ಟಿಟಿಎಲ್ ಐದು ನಿಮಿಷಕ್ಕೆ ಇಳಿಸಿ, ಹಳೆಯ ವಿಳಾಸ ಇರುವ ಪ್ರತಿ ದಾಖಲೆಯನ್ನೂ ಹುಡುಕಿ ಅಳಿಸಿ, ಬ್ಯಾಂಕಿನ ಪಟ್ಟಿಯಿಂದಲೂ ತೆಗೆಸಿ, ಅದಾದ ಮೇಲೆ ಐಎಸ್‌ಪಿಗೆ ಲೈನ್ ನಿಲ್ಲಿಸಲು ಹೇಳಿ.